ನರೇಶನ್ ಇಲ್ಲದ ಷರತ್ತುಗಳು

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಪರಿಷ್ಕೃತವಾದಾಗ ಸಿದ್ಧ ಉಡುಪಿನ ವ್ಯಾಪಾರಿಗಳ ಪಾಲಿಗೆ ಬದಲಾದುದು ಎರಡೇ ಅಂಕಿಗಳು. ಅದುವರೆಗೆ ಒಂದು ಉಡುಪಿನ ಮಾರಾಟ ಬೆಲೆ 1,000 ರೂಪಾಯಿ ಮೀರದಿದ್ದರೆ ಶೇ. 5, ಮೀರಿದರೆ ಶೇ. 12 ಇತ್ತು, ಅಂದಿನಿಂದ 2,500 ರೂಪಾಯಿ ಮೀರದಿದ್ದರೆ ಶೇ. 5, ಮೀರಿದರೆ ಶೇ. 18 ಆಯಿತು. ಕಾಗದದ ಮೇಲೆ ಇದು ಒಂದೇ ಸಾಲು. ಆದರೆ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ತಂತ್ರಾಂಶದ ಒಡಲಿನಲ್ಲಿ ಆ ಸಾಲು ಎಲ್ಲಿದೆ, ಎಷ್ಟು ಕಡೆ ಇದೆ, ‘ಮೀರದಿದ್ದರೆ’ ಎಂಬುದನ್ನು ಬರೆದವರು ‘ಕಡಿಮೆಯಿದ್ದರೆ’ ಎಂದು ಗ್ರಹಿಸಿದ್ದಾರೆಯೇ ಎಂಬುದನ್ನು ಅರಿಯಬೇಕಾದರೆ ಬರೆದವರನ್ನೇ ಹುಡುಕಿಕೊಂಡು ಹೋಗಬೇಕು. ಅವರು ಊರು ಬಿಟ್ಟಿದ್ದರೆ ವ್ಯಾಪಾರಿಯ ಗತಿ ದೇವರಿಗೇ ಪ್ರೀತಿ. ಕಡಿಮೆ ವಸೂಲಿಯಾದ ತೆರಿಗೆಯನ್ನು ಬಡ್ಡಿಸಹಿತ ಕೈಯಿಂದ ಕಟ್ಟಬೇಕು. ಹೆಚ್ಚು ವಸೂಲಿಯಾದದ್ದನ್ನೂ ಸರ್ಕಾರಕ್ಕೆ ಸಲ್ಲಿಸಲೇಬೇಕು.

ಲೆಕ್ಕ ಬರೆಯುವ ಶಾಸ್ತ್ರದಲ್ಲಿ ಈ ತೊಡಕಿಗೆ ಹಳೆಯದೊಂದು ಪರಿಹಾರವಿದೆ. ಜರ್ನಲ್ ನಮೂದಿನಲ್ಲಿ ಡೆಬಿಟ್, ಕ್ರೆಡಿಟ್ ಎರಡೂ ಸರಿಹೊಂದಿದರೆ ಸಾಲದು. ಅದರ ಕೆಳಗೆ, ಈ ನಮೂದನ್ನು ಏಕೆ ಮಾಡಲಾಯಿತು ಎಂಬ ನರೇಶನ್ ಇರಬೇಕು. ಹತ್ತು ವರ್ಷಗಳ ನಂತರ ಪುಸ್ತಕ ತೆರೆದವರಿಗೆ ದಾರಿ ತೋರಿಸುವುದು ಆ ಒಂದೆರಡು ಸಾಲುಗಳೇ ಹೊರತು ಅಂಕಿಗಳಲ್ಲ. ತಂತ್ರಾಂಶದೊಳಗಿನ ಷರತ್ತುಗಳಿಗೆ ಇಂತಹ ನರೇಶನ್ ಇರಬೇಕೇ, ಇದ್ದರೆ ಅದು ಹೇಗಿರಬೇಕು ಎಂಬ ಪ್ರಶ್ನೆಗೆ ಸೊಗಸಾದ ನಿದರ್ಶನವೊಂದು ಲಿಸ್ಪ್ ಎಂಬ ಗಣಕ ಭಾಷೆಯ ಇತಿಹಾಸದಲ್ಲಿ ದೊರೆಯುತ್ತದೆ. ಅಂಗಡಿಯ ಬಿಲ್ಲಿಂಗ್ ತಂತ್ರಾಂಶವನ್ನು ಸಾಮಾನ್ಯವಾಗಿ ಯಾರೂ ಲಿಸ್ಪ್‌ನಲ್ಲಿ ಬರೆಯುವುದಿಲ್ಲ, ನಿಜ. ಆದರೂ ಈ ಭಾಷೆ ಸಣ್ಣ ಉದ್ಯಮಿಗಳಿಗೆ ಪೂರ್ತಿ ಅಪರಿಚಿತವೇನಲ್ಲ. ಆಟೋಕ್ಯಾಡ್‌ನಲ್ಲಿ ನಕ್ಷೆ ತೆಗೆಯುವ ಡೈ ತಯಾರಕರ, ಫ್ಯಾಬ್ರಿಕೇಶನ್ ಘಟಕಗಳ ನಕ್ಷೆಗಾರರು ಬಳಸುವ ಆಟೋಲಿಸ್ಪ್ ಇದೇ ಕುಲದ್ದು.

ಲಿಸ್ಪ್ ಭಾಷೆಯನ್ನು 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪಿಸಿದವರು ಜಾನ್ ಮೆಕಾರ್ಥಿ. ಇದರಲ್ಲಿ ಎಲ್ಲವೂ ಆವರಣಗಳೊಳಗಿನ ಪಟ್ಟಿ. ಷರತ್ತುಗಳಿಗಾಗಿ ಅದರಲ್ಲಿ ‘ಕಾಂಡ್’ ಎಂಬ ರಚನೆಯಿದೆ. ಷರತ್ತುಗಳನ್ನು ಒಂದರ ಕೆಳಗೊಂದು ಬರೆಯಬೇಕು. ಮೇಲಿನಿಂದ ಪರೀಕ್ಷಿಸುತ್ತಾ ಬಂದಂತೆ ಮೊದಲು ನಿಜವಾದದ್ದೇ ಗೆಲ್ಲುತ್ತದೆ, ಉಳಿದವುಗಳನ್ನು ಗಣಕವು ನೋಡುವುದೂ ಇಲ್ಲ. ಸರಳ ವಿಧಾನ, ಆದರೆ ದೀರ್ಘ. (ಒಳರಾಜ್ಯ ಉಡುಪು 1800) ಎಂಬ ಮೂರು ಅಂಶಗಳ ಬಿಲ್ಲೊಂದು ಬಂದಿತೆನ್ನೋಣ. ಮೊದಲ ಅಂಶವನ್ನು ಹೊರತೆಗೆದು ಒಳರಾಜ್ಯವೇ ಎಂದು ನೋಡಬೇಕು, ಎರಡನೆಯದನ್ನು ಹೊರತೆಗೆದು ಉಡುಪೇ ಎಂದು ನೋಡಬೇಕು, ಮೂರನೆಯದಕ್ಕೆ ಹೆಸರಿಟ್ಟು ಬೆಲೆಯನ್ನು ಹೋಲಿಸಬೇಕು. ಹತ್ತು ಬಗೆಯ ಸರಕಿಗೆ ಇದನ್ನೇ ಹತ್ತು ಬಾರಿ ಬರೆಯುವಾಗ ತಪ್ಪು ನುಸುಳದಿರುವುದೇ ಆಶ್ಚರ್ಯ.

ಈ ಶ್ರಮವನ್ನು ತಪ್ಪಿಸಲು ಬಂದದ್ದು ಮಾದರಿ ಹೊಂದಿಕೆಯ ಷರತ್ತು. ರಿಚರ್ಡ್ ಸ್ಟಾಲ್‌ಮನ್ ಅವರು ಆರಂಭಿಸಿದ ಗ್ನೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದ ಲಿಸ್ಪ್‌ನಲ್ಲಿ, 2012ರಲ್ಲಿ ಹೊರಬಂದ 24.1ನೇ ಆವೃತ್ತಿಯೊಡನೆ, ‘ಪಿ-ಕೇಸ್’ ಎಂಬ ಹೆಸರಿನಲ್ಲಿ ಅದು ಸೇರಿತು. ರೂಪಿಸಿದವರು ಸ್ಟೆಫಾನ್ ಮೋನಿಯೇ. ಇದರ ತತ್ತ್ವವನ್ನು ಮುದ್ರಿತ ರಸೀದಿ ಪುಸ್ತಕಕ್ಕೆ ಹೋಲಿಸಬಹುದು. ರಸೀದಿಯಲ್ಲಿ ಕೆಲವು ಪದಗಳು ಅಚ್ಚಾಗಿರುತ್ತವೆ, ಕೆಲವೆಡೆ ಖಾಲಿ ಗೆರೆಗಳಿರುತ್ತವೆ. ಬಂದ ಬಿಲ್ಲು ಅಚ್ಚಾದ ಪದಗಳಿಗೆ ಹೊಂದಿದರೆ ಸಾಕು, ಉಳಿದ ವಿವರಗಳು ಖಾಲಿ ಗೆರೆಗಳಲ್ಲಿ ತಾವಾಗಿಯೇ ತುಂಬಿಕೊಳ್ಳುತ್ತವೆ. ಹೊರತೆಗೆಯುವುದು, ಹೋಲಿಸುವುದು, ಹೆಸರಿಡುವುದು ಮೂರೂ ಒಂದೇ ಏಟಿಗೆ ಮುಗಿಯುತ್ತವೆ. ಬೆಲೆ 2,500 ಮೀರಬಾರದೆಂಬಂತಹ ಹೆಚ್ಚುವರಿ ಪರೀಕ್ಷೆಗೆ ‘ಗಾರ್ಡ್’ ಎಂಬ ಕಾವಲುಗಾರನೂ ಇದ್ದಾನೆ.

ಇಷ್ಟು ಉಪಯುಕ್ತವಾದ ಸಾಧನವನ್ನು ಅನೇಕ ಅನುಭವಿಗಳೇ ದೂರವಿಟ್ಟರು. ಕಾರಣ ಅದರ ಮೊದಲ ವಿವರಣೆ. ಕೈಪಿಡಿಯು ಮಾದರಿಗಳನ್ನು ‘ಯು-ಪ್ಯಾಟರ್ನ್’, ‘ಕ್ಯೂ-ಪ್ಯಾಟರ್ನ್’ ಎಂದು ಎರಡು ವರ್ಗಗಳಾಗಿ ವಿಂಗಡಿಸಿ, ವ್ಯಾಕರಣ ಸೂತ್ರಗಳಂತೆ ಒಂದರ ಕೆಳಗೊಂದು ಪಟ್ಟಿ ಮಾಡಿತ್ತು. ಪ್ರತಿ ಸಾಲೂ ಸರಿಯೇ, ಒಂದು ಅಕ್ಷರವೂ ಸುಳ್ಳಲ್ಲ. ತೆರಿಗೆ ಅಧಿಸೂಚನೆಗಳನ್ನು ಓದಿದ ಅನುಭವವುಳ್ಳ ಯಾವ ವ್ಯಾಪಾರಿಗೂ ಈ ಬಗೆಯ ‘ಸರಿ’ ಎಂತಹದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಓದುಗನು ಎಡವುತ್ತಿದ್ದುದು ಮುಖ್ಯವಾಗಿ ಒಂದೇ ಕಡೆ. ಪಿ-ಕೇಸ್‌ನ ಮಾದರಿಯಲ್ಲಿ ‘ಉಡುಪು’ ಎಂಬ ಪದವನ್ನು ಯಾವ ಚಿಹ್ನೆಯೂ ಇಲ್ಲದೆ ಒಂಟಿಯಾಗಿ ಬರೆದರೆ ಅದು ಅಚ್ಚಾದ ಪದವಲ್ಲ, ಖಾಲಿ ಗೆರೆ. ಬಂದದ್ದು ಉಡುಪಾಗಲಿ, ಸಿಮೆಂಟಾಗಲಿ, ಅದು ಹೊಂದಿತೆಂದೇ ಲೆಕ್ಕ. ಬಂದ ಸರಕಿಗೆ ‘ಉಡುಪು’ ಎಂಬ ಹೆಸರು ತಾತ್ಕಾಲಿಕವಾಗಿ ಅಂಟಿಕೊಳ್ಳುತ್ತದೆ, ಅಷ್ಟೇ. ಉಡುಪನ್ನೇ ಹುಡುಕಬೇಕಾದರೆ ಪದದ ಮುಂದೆ ಉದ್ಧರಣ ಚಿಹ್ನೆ ಇಡಬೇಕು. ಆದರೆ ಬ್ಯಾಕ್‌ಕೋಟ್ ಎಂಬ ಚಿಹ್ನೆಯಿಂದ ಆರಂಭವಾಗುವ ಪಟ್ಟಿಯೊಳಗೆ ಎಲ್ಲವೂ ತಿರುವುಮುರುವು: ಅಲ್ಲಿ ಒಂಟಿ ಪದವೇ ಅಚ್ಚಿನ ಪದ, ಅಲ್ಪವಿರಾಮ ಹೊತ್ತ ಪದ ಖಾಲಿ ಗೆರೆ. ಬರೆದವರು ಇದನ್ನರಿಯದೆ ಮೊದಲ ಷರತ್ತಿನಲ್ಲೇ ಒಂಟಿ ಪದವನ್ನು ಇಟ್ಟರೆ ಅಂಗಡಿಯ ಸಮಸ್ತ ಸರಕೂ ಶೇ. 5ರಲ್ಲಿ ಮಾರಾಟವಾಗುತ್ತದೆ. ಕಂಪೈಲರ್ ಎಚ್ಚರಿಸಬಹುದು, ಆ ಎಚ್ಚರಿಕೆಯನ್ನು ಓದುವವರು ಇರಬೇಕಲ್ಲ!

ಇನ್ನೊಂದು ಸಂಗತಿ ಇದಕ್ಕಿಂತಲೂ ನಿಶ್ಶಬ್ದವಾದುದು. ಬಿಲ್ಲು ಯಾವ ಮಾದರಿಗೂ ಹೊಂದದಿದ್ದರೆ ಪಿ-ಕೇಸ್ ತಕರಾರು ಮಾಡುವುದಿಲ್ಲ. ‘ನಿಲ್’, ಅಂದರೆ ಏನೂ ಇಲ್ಲ ಎಂಬ ಉತ್ತರವನ್ನಿತ್ತು ಮುಂದೆ ಸಾಗುತ್ತದೆ. ತೆರಿಗೆಯ ಕಲಮು ಖಾಲಿಯಾಗಿ ಬಿಲ್ಲು ಅಚ್ಚಾಗಲು ಇಷ್ಟು ಸಾಕು. ಹೊಂದದ ಪ್ರಕರಣ ಬಂದಾಗ ದೋಷವೆಂದು ಕೂಗಿ ನಿಲ್ಲುವ ‘ಪಿ-ಕೇಸ್-ಎಕ್ಸಾಸ್ಟಿವ್’ ಎಂಬ ಬೇರೆ ರಚನೆ ಇದೆ. ಎರಡರಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದು ವ್ಯವಹಾರದ ವಿವೇಕಕ್ಕೆ ಸೇರಿದ ತೀರ್ಮಾನ. ಕೈಪಿಡಿ ಅದನ್ನು ಹೇಳಿಕೊಡದಿದ್ದರೆ ಕಾರ್ಯಕ್ರಮ ಬರೆಯುವ ತರುಣನಿಗೆ ತೀರ್ಮಾನವೊಂದು ಇದೆಯೆಂಬುದೇ ತಿಳಿಯದು.

2018ರಲ್ಲಿ ಆ ಅಧ್ಯಾಯವನ್ನು ಪೂರ್ತಿಯಾಗಿ ಹೊಸದಾಗಿ ಬರೆಯಲಾಯಿತು. ಬದಲಾದುದು ಮುಖ್ಯವಾಗಿ ಕ್ರಮ. ಹೊಸ ಅಧ್ಯಾಯವು ಓದುಗನಿಗೆ ಈಗಾಗಲೇ ತಿಳಿದಿರುವ ನಾಲ್ಕು ಸರಳ ಷರತ್ತು ರಚನೆಗಳನ್ನು ನೆನಪಿಸಿ, ಪಿ-ಕೇಸ್ ಎಂಬುದು ಹಳೆಯ ಎರಡು ರಚನೆಗಳ ಮಿಶ್ರತಳಿ ಎಂದು ಪರಿಚಯಿಸಿ, ಆ ಹಳೆಯವುಗಳ ಕೊರತೆ ಏನೆಂಬುದನ್ನು ಹೇಳಿದ ಮೇಲೆಯೇ ಹೊಸದಕ್ಕೆ ಕೈಹಾಕುತ್ತದೆ. ಹಳೆಯ ವಿಧಾನದ ಪಕ್ಕದಲ್ಲಿ ಹೊಸ ವಿಧಾನವನ್ನಿಟ್ಟು ತೋರಿಸುವ ಉದಾಹರಣೆಗಳಿವೆ. ಎಚ್ಚರಿಕೆ ವಹಿಸಬೇಕಾದ ಅಂಶಗಳಿಗೆ ಪ್ರತ್ಯೇಕ ಶೀರ್ಷಿಕೆಯೂ ಇದೆ. ಉಪಕರಣ ಬಹುತೇಕ ಹಿಂದಿನದೇ. ಆದರೂ ಕೊಂಡವನಿಗೆ ಯಂತ್ರದ ಬೆಲೆ ಗೊತ್ತಾಗುವುದು ಅದನ್ನು ನಡೆಸಲು ಬಂದ ದಿನವಷ್ಟೆ.

ಇದಕ್ಕೆ ವಿರುದ್ಧವಾದ ವಾದವೂ ಇದೆ, ಅದನ್ನು ಹಗುರವಾಗಿ ತೆಗೆದುಹಾಕಲಾಗದು. ಇಷ್ಟೊಂದು ವಿವರಣೆ ಬೇಡುವ ಸಾಧನದಲ್ಲೇ ದೋಷವಿದೆ, ವಿವರಣೆಯನ್ನು ತಿದ್ದಿ ಫಲವೇನು ಎಂಬುದು ಆ ವಾದ. ಪಿ-ಕೇಸ್ ಅತಿ ಜಟಿಲವೆಂದು ಭಾವಿಸಿದ ಸ್ಟಾಲ್‌ಮನ್ ಅವರೇ 2024ರಲ್ಲಿ ‘ಕಾಂಡ್-ಸ್ಟಾರ್’ ಎಂಬ ಪರ್ಯಾಯ ರಚನೆಯನ್ನು ಮುಂದಿಟ್ಟರು. ಹಳೆಯ ಕಾಂಡ್‌ನ ಮೈಕಟ್ಟನ್ನು ಉಳಿಸಿಕೊಂಡು ಅದರೊಳಗೆ ಮಾದರಿ ಹೊಂದಿಕೆಯನ್ನು ತರುವುದು ಅದರ ಉದ್ದೇಶ. ವಾದದಲ್ಲಿ ಅರ್ಧ ಸತ್ಯವಿದೆ: ಒಂಟಿ ಪದವು ಒಂದು ಕಡೆ ಗೆರೆ, ಇನ್ನೊಂದು ಕಡೆ ಅಚ್ಚು ಎಂಬ ನಿಯಮ ಯಾವ ಗದ್ಯದಿಂದಲೂ ಸಹಜವಾಗದು. ಆದರೆ ಕಾಂಡ್-ಸ್ಟಾರ್‌ಗೂ ತನ್ನದೇ ಆದ ವಿವರಣೆ ಬೇಕಾಯಿತು. ಇನ್ನು ಈಗಾಗಲೇ ಬರೆದಿಟ್ಟಿರುವ ಅಸಂಖ್ಯ ಸಾಲುಗಳಲ್ಲಿ ಪಿ-ಕೇಸ್ ಬೇರೂರಿದೆ. ಹೊಸ ಪದ್ಧತಿ ಬಂದಿತೆಂದು ಹಳೆಯ ಲೆಡ್ಜರ್‌ಗಳನ್ನು ಯಾರೂ ಸುಡುವುದಿಲ್ಲ.

ಈಮ್ಯಾಕ್ಸ್‌ನ ಇನ್ನೊಂದು ಪದ್ಧತಿಯನ್ನು ಇಲ್ಲಿ ಸ್ಮರಿಸಬೇಕು. ಅದರಲ್ಲಿ ಪ್ರತಿಯೊಂದು ಕಾರ್ಯದ ವಿವರಣೆಯನ್ನು ಆ ಕಾರ್ಯದ ಒಳಗೇ ಬರೆದಿಡುವ ರೂಢಿಯಿದೆ. ಮೊದಲ ಸಾಲು ತನ್ನಷ್ಟಕ್ಕೆ ಪೂರ್ಣ ಅರ್ಥ ಕೊಡುವ ವಾಕ್ಯವಾಗಿರಬೇಕೆಂಬ ನಿಯಮವೂ ಇದೆ. ಬಳಸುವವರು ಕೀಲಿಮಣೆಯಿಂದಲೇ ಕೇಳಿದರೆ ಅದು ತೆರೆಯ ಮೇಲೆ ಬರುತ್ತದೆ. ನಮೂದಿನ ಕೆಳಗಿನ ನರೇಶನ್ ಎಂದರೆ ಇದೇ. ಪುಸ್ತಕ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದರೆ ಎರಡನೆಯದು ಮೊದಲು ಕಳೆದುಹೋಗುತ್ತದೆಂಬುದನ್ನು ದಾಖಲೆಗಳನ್ನು ಕಾಪಾಡಿದವರೆಲ್ಲರೂ ಬಲ್ಲರು.

ತಂತ್ರಾಂಶವನ್ನು ಹೇಳಿಮಾಡಿಸುವ ವ್ಯಾಪಾರಿಗಳು ಲಿಸ್ಪ್ ಕಲಿಯಬೇಕಾಗಿಲ್ಲ. ದರ, ರಿಯಾಯಿತಿ, ಸಾಲದ ಅವಧಿ ಮುಂತಾದವುಗಳ ಪ್ರತಿ ಷರತ್ತಿಗೂ ಅರ್ಧ ಪುಟದ ಕನ್ನಡ ವಿವರಣೆಯನ್ನು ಕೇಳಿ ಪಡೆಯುವ ಹಕ್ಕು ಮಾತ್ರ ಅವರಿಗಿದೆ. ಷರತ್ತುಗಳನ್ನು ಯಾವ ಕ್ರಮದಲ್ಲಿ ನೋಡಲಾಗುತ್ತದೆ, ಸರಿಯಾಗಿ 2,500 ರೂಪಾಯಿಯ ಉಡುಪು ಯಾವ ಕಡೆ ಬೀಳುತ್ತದೆ, ಯಾವುದಕ್ಕೂ ಹೊಂದದ ಬಿಲ್ಲು ಬಂದರೆ ಯಂತ್ರ ನಿಲ್ಲುತ್ತದೆಯೋ ಸುಮ್ಮನೆ ಮುಂದೆ ಹೋಗುತ್ತದೆಯೋ ಎಂಬುದು ಅದರಲ್ಲಿ ಬರೆದಿರಬೇಕು. 2,500 ಮತ್ತು 2,501 ರೂಪಾಯಿಗಳ ಎರಡು ಬಿಲ್ಲುಗಳನ್ನೂ, ಪಟ್ಟಿಯಲ್ಲೇ ಇಲ್ಲದ ಸರಕಿನ ಒಂದು ಬಿಲ್ಲನ್ನೂ ಎದುರಿನಲ್ಲಿ ತೆಗೆಸಿ, ಹಾಳೆಯೊಡನೆ ತಾಳೆ ನೋಡಿದ ಮೇಲೆ ಕೊನೆಯ ಕಂತಿನ ಹಣ ಕೊಡುವುದು ಯೋಗ್ಯ.