ಜಾವಾಡಾಕ್ ಪುರಾಣ: ಮೇಲೆ ಥಳುಕು, ಒಳಗೆ ಹುಳುಕು

ಸೆಟ್‌ನೇಮ್ ಅಂತ ಒಂದು ಮೆಥಡ್. ಅದರ ತಲೆಯ ಮೇಲೊಂದು ಕಾಮೆಂಟು: "ಹೆಸರನ್ನು ಸೆಟ್ ಮಾಡುತ್ತದೆ. @ಪ್ಯಾರಮ್ ನೇಮ್ ಹೆಸರು". ಆಹಾ, ಎಂಥ ಜ್ಞಾನ! ಮೆಥಡ್ಡಿನ ಹೆಸರು ಓದಲು ಬರುವವನಿಗೆ ಇದರಿಂದ ಹೊಸದಾಗಿ ತಿಳಿದದ್ದೇನು ಸ್ವಾಮಿ?

ತಪ್ಪು ಬರೆದವನದ್ದಷ್ಟೇ ಅಲ್ಲ, ಬರೆಸಿದ ನಿಯಮದ್ದು. "ಪ್ರತಿ ಪಬ್ಲಿಕ್ ಮೆಥಡ್ಡಿಗೂ ಕಾಮೆಂಟು ಇರಲೇಬೇಕು" ಅಂತ ಚೆಕ್‌ಸ್ಟೈಲ್‌ನಂಥ ಟೂಲಿಗೆ ಹೇಳಿಟ್ಟರೆ ಅದು ಇದೆಯೋ ಇಲ್ಲವೋ ಅಂತ ನೋಡುತ್ತದೆಯೇ ಹೊರತು ಹುರುಳಿದೆಯೋ ಅಂತ ನೋಡುವುದಿಲ್ಲ. ಕಾಟಾಚಾರಕ್ಕೆ ಬರೆದದ್ದನ್ನೂ ಜಾವಾಡಾಕ್, ಡಾಕ್ಸಿಜನ್‌ಗಳು ಅಂದವಾದ ಪುಟ ಮಾಡಿ ಕೊಡುತ್ತವೆ. ನೂರಕ್ಕೆ ನೂರು ಡಾಕ್ಯುಮೆಂಟೇಶನ್ ಆಯಿತು ಅಂತ ಮ್ಯಾನೇಜರೂ ಖುಷಿ!

"ಒಳ್ಳೆಯ ಕೋಡಿಗೆ ಕಾಮೆಂಟೇ ಬೇಡ" ಅನ್ನುವವರೂ ಇದ್ದಾರೆ. ಅವರು ಜಾವಾದ ಡೇಟ್ ಕ್ಲಾಸಿನ ಗೆಟ್‌ಇಯರ್ ನೋಡಲಿ. 2008ನೇ ಇಸವಿಗೆ ಅದು ಕೊಡುವುದು 108! ಇಸವಿಯಿಂದ 1900 ಕಳೆದು ಕೊಡುತ್ತದೆ. ಗೆಟ್‌ಮಂತ್ ಕೇಳಿದರೆ ಜನವರಿಗೆ 0. ಇದನ್ನು ಮೆಥಡ್ಡಿನ ಹೆಸರೂ ಹೇಳುವುದಿಲ್ಲ, ಇಂಟ್ ಅನ್ನುವ ಟೈಪೂ ಹೇಳುವುದಿಲ್ಲ. ಹೇಳುವುದು ಕಾಮೆಂಟು ಮಾತ್ರ. ಇದರ ಬದಲು ಏನು ಬಳಸಬೇಕು ಅಂತ @ಡಿಪ್ರಿಕೇಟೆಡ್ ಸಾಲೂ ಅಲ್ಲೇ ಇದೆ. ಕಾಮೆಂಟು ಇರಬೇಕಾದ್ದು ಹೀಗೆ.

ಖಾಲಿ ಜಾಗಕ್ಕೆ ಕೊನೇಪಕ್ಷ ಪ್ರಾಮಾಣಿಕತೆ ಇದೆ. ರಾತ್ರಿ ಹನ್ನೊಂದಕ್ಕೆ ಬೇರೆಯವರ ಲೈಬ್ರರಿ ಜೊತೆ ಗುದ್ದಾಡುವವನು ಖಾಲಿ ಕಂಡರೆ ಕೋಡು ತೆರೆದು ನೋಡುತ್ತಾನೆ, ಇಲ್ಲವೇ ಬರೆದವರನ್ನೇ ಕೇಳುತ್ತಾನೆ. ಪೊಳ್ಳು ಕಾಮೆಂಟು ಕಂಡರೆ? ಹೇಳುವಂಥದ್ದು ಇನ್ನೇನೂ ಇಲ್ಲ ಅಂದುಕೊಂಡು ಮುಂದೆ ಹೋಗಿ ಹಳ್ಳಕ್ಕೆ ಬೀಳುತ್ತಾನೆ.

ಹಾಗಾದರೆ ಏನು ಬರೆಯಬೇಕು? ನಲ್ ಕೊಟ್ಟರೆ ಏನಾಗುತ್ತದೆ, ಅಳತೆ ಸೆಕೆಂಡೋ ಮಿಲಿಸೆಕೆಂಡೋ, ಯಾವಾಗ ಎಕ್ಸೆಪ್ಷನ್ ಎಸೆಯುತ್ತದೆ - ಇಷ್ಟು ಬರೆಯಿರಿ. ಮೊದಲ ವಾಕ್ಯ ಜೋಪಾನ: ಜಾವಾಡಾಕ್ ಸಾರಾಂಶದ ಪಟ್ಟಿಗೆ ಎತ್ತಿಕೊಳ್ಳುವುದು ಅದೊಂದನ್ನೇ. ಚುಕ್ಕಿ, ಅದರ ಹಿಂದೊಂದು ಖಾಲಿ ಜಾಗ ಕಂಡರೆ ವಾಕ್ಯ ಮುಗಿಯಿತು ಅಂದುಕೊಳ್ಳುತ್ತದೆ. "ಉದಾ. " ಅಂತ ಬರೆದಿರೋ, ಸಾರಾಂಶ ಅಲ್ಲಿಗೇ ಕಟ್! ಉದಾಹರಣೆ ಕೊಟ್ಟರೆ ಓಡಿಸಿ ನೋಡುವ ಹಾಗಿರಲಿ. ಪೈಥಾನಿನಲ್ಲಿ ಡಾಕ್‌ಟೆಸ್ಟ್ 2001ರಿಂದಲೇ ಇದೆ, ರಸ್ಟ್‌ನಲ್ಲಿ ಕಾರ್ಗೋ ಟೆಸ್ಟ್ ಇದೇ ಕೆಲಸ ಮಾಡುತ್ತದೆ.

2024ರಲ್ಲಿ ಬಂದ ಜಾವಾ 23ರಿಂದ ಈ ಕಾಮೆಂಟುಗಳನ್ನು ಮಾರ್ಕ್‌ಡೌನ್‌ನಲ್ಲೂ ಬರೆಯಬಹುದು. ಎಚ್‌ಟಿಎಂಎಲ್ ಟ್ಯಾಗುಗಳ ಕಾಟ ತಪ್ಪಿತು, ಸಂತೋಷ. ಆದರೆ ಜೊಳ್ಳನ್ನು ಬೆಳ್ಳಿ ಮೊರದಲ್ಲಿ ಕೇರಿದರೆ ಅಕ್ಕಿಯಾದೀತೇ?

ಆ ನಿಯಮ ಮೊದಲು ತೆಗೆಯಿರಿ. ರಿವ್ಯೂನಲ್ಲಿ ಕೋಡಿನ ಜೊತೆ ಕಾಮೆಂಟನ್ನೂ ಓದಿ. ಹೆಸರನ್ನೇ ತಿರುಗಿಸಿ ಹೇಳಿದ್ದರೆ ಅಳಿಸಿ.

ಏನಂತೀರಿ?