ಪೆಟ್ಟಿಗೆಯ ಬೆನ್ನು

ನಮ್ಮ ಮೊಮ್ಮಗಳಿಗೆ ಈಗ ಒಂಬತ್ತನೇ ತರಗತಿ. ದಸರಾ ರಜೆಯಲ್ಲಿ ಒಂದು ಸಂಜೆ ಬಂದು ಪಕ್ಕದಲ್ಲಿ ಕೂತಳು. "ತಾತ, ನನ್ನ ಹತ್ತಿರ ಹದಿನಾಲ್ಕು ಸಾವಿರ ಸೇರಿದೆ. ಒಂದು ಸಿಂಥಸೈಜರ್ ಕೊಳ್ಳಬೇಕು. ಹೊಸದಲ್ಲ, ಹಳೇದೇ ಬೇಕು. ನಾಲ್ಕು ಸಾವಿರ ಕಡಿಮೆ ಬೀಳುತ್ತೆ" ಅಂದಳು. ನಾಲ್ಕು ವರ್ಷದ ಹುಟ್ಟುಹಬ್ಬದ ದುಡ್ಡು ಅದು, ಒಂದು ರೂಪಾಯಿ ಖರ್ಚು ಮಾಡದೆ ಕೂಡಿಟ್ಟದ್ದು. ಹಳೆಯದೇ ಯಾಕೆ ಎಂದು ಕೇಳಿದೆ. ಹಳೆಯದರ ನಾದಕ್ಕೆ ಒಂದು ತೂಕ ಇರುತ್ತದಂತೆ. ಅಡುಗೆಮನೆಯಿಂದ ಅವಳ ಅಜ್ಜಿ, "ಹಳೇದಕ್ಕೆ ಈ ಮನೆಯಲ್ಲಿ ಏನು ಬರ? ನಿಮ್ಮ ತಾತನನ್ನೇ ರೆಕಾರ್ಡ್ ಮಾಡು" ಅಂದಳು.

ಸಿಂಥಸೈಜರ್ ಎಂಬ ಹೆಸರು ಕೇಳಿ ನನ್ನ ವಯಸ್ಸಿನವರು ಗಾಬರಿಯಾಗಬೇಕಿಲ್ಲ. ತಂತಿ ಮೀಟದೆ, ಗಾಳಿ ಊದದೆ, ಬರೀ ವಿದ್ಯುತ್ತಿನಿಂದ ನಾದವನ್ನು ಕಟ್ಟುವ ಯಂತ್ರ ಅದು. ಸಂಗೀತ ಕಲಿಯುವವರಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಅಂಥದೊಂದು ಇದ್ದೇ ಇದೆ, ನಾವು ಆ ಹೆಸರಿನಿಂದ ಕರೆದಿಲ್ಲ ಅಷ್ಟೆ. ಎಲೆಕ್ಟ್ರಾನಿಕ್ ತಂಬೂರಿ! ಅದು ಹುಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ. ವೃತ್ತಿಯಿಂದ ಎಂಜಿನಿಯರೂ ಪ್ರವೃತ್ತಿಯಿಂದ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆ ಇರುವುದು ನಮ್ಮ ಮನೆಯಿಂದ ದೂರವೇನಲ್ಲದ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳಿದ್ದ ಕಡೆ ಕಿಯೋನಿಕ್ಸ್‌ನವರು 332 ಎಕರೆಯಲ್ಲಿ ಕಟ್ಟಿದ ಊರದು. ಅಲ್ಲಿ ಸಾಫ್ಟ್‌ವೇರಿನ ಜತೆಗೆ ಶ್ರುತಿಯೂ ತಯಾರಾಗುತ್ತದೆ ಎಂದು ನೆರೆಹೊರೆಯವರಿಗೆ ಹೇಳಿದರೆ ನಂಬುವುದಿಲ್ಲ.

ಆ ಪೆಟ್ಟಿಗೆಯ ಕೆಲಸ ನಾವು ತಿಳಿದಷ್ಟು ಸುಲಭದ್ದಲ್ಲ. ತಂಬೂರಿಯಲ್ಲಿ ನಾಲ್ಕು ತಂತಿ: ಮಂದ್ರ ಪಂಚಮ, ಎರಡು ಸಾರಣಿ, ಮಂದ್ರ ಷಡ್ಜ. ಬರೀ ಒಂದೇ ಸಮನೆ ಕಂಪಿಸುವ ವಿದ್ಯುತ್ತನ್ನು ಸ್ಪೀಕರಿಗೆ ಬಿಟ್ಟರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಇರುತ್ತದೆ, ತಂಬೂರಿ ಆಗುವುದಿಲ್ಲ. ಮೀಟಿದ ತಂತಿಯ ನಾದ ಥಟ್ಟನೆ ಎದ್ದು ನಿಧಾನವಾಗಿ ಕರಗಬೇಕು. ಜೀವಾಳದ ದಾರದಿಂದ ಬರುವ ಝೇಂಕಾರವೂ ಅದರಲ್ಲಿ ಬೆರೆಯಬೇಕು. ಕಂಪನ ಹುಟ್ಟಿಸುವುದು, ಅದನ್ನು ಸೋಸುವುದು, ಏಳುವ ಬೀಳುವ ಗತಿ ಕೊಡುವುದು. ಮಕ್ಕಳೇ, ದೊಡ್ಡ ದೊಡ್ಡ ಸಿಂಥಸೈಜರುಗಳು ಮಾಡುವುದೂ ಇಷ್ಟನ್ನೇ.

ಮೊಮ್ಮಗಳು ಫೋನಿನಲ್ಲಿ ಹುಡುಕಿಟ್ಟದ್ದು 1980ರ ದಶಕದ ಒಂದು ಜಪಾನಿ ವಾದ್ಯ. ವೈಟ್‌ಫೀಲ್ಡಿನಲ್ಲಿ ಊರು ಬಿಟ್ಟು ಹೊರಟವರೊಬ್ಬರು ಮಾರುತ್ತಿದ್ದರು. ಬೆಲೆ ಹದಿನೆಂಟು ಸಾವಿರ. ನಾವಿಬ್ಬರೂ ಮೆಟ್ರೊ ಹತ್ತಿದೆವು. ಆರ್.ವಿ. ರಸ್ತೆಯವರೆಗೆ ಹಳದಿ, ಮೆಜೆಸ್ಟಿಕ್‌ವರೆಗೆ ಹಸಿರು, ಅಲ್ಲಿಂದ ನೇರಳೆ. ದಾರಿಯುದ್ದಕ್ಕೂ ಅವಳದೇ ಪಾಠ. ಮುಂಬಯಿಯ ಚರಣ್‌ಜಿತ್ ಸಿಂಗ್ ಎಂಬುವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರಂತೆ. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ, ಎಷ್ಟೋ ವರ್ಷದ ಮೇಲೆ ಯೂರೋಪಿನವರು ಅದನ್ನು ಹುಡುಕಿ ಬೆರಗಾದರು. 1983ರಲ್ಲಿ ಬಂದ ಯಮಹಾ ಡಿಎಕ್ಸ್ 7ಕ್ಕೆ 61 ಮನೆ, ಒಟ್ಟಿಗೆ 16 ಸ್ವರ ನುಡಿಯಬಲ್ಲದು. ಒಂದು ಕಂಪನದಿಂದ ಇನ್ನೊಂದು ಕಂಪನವನ್ನು ಅಲುಗಾಡಿಸಿ ಗಂಟೆಯಂಥ ನಾದ ತೆಗೆಯುವ ಅದರ ಉಪಾಯವನ್ನು ಕಂಡುಹಿಡಿದವರು ಅಮೆರಿಕದ ಜಾನ್ ಚೌನಿಂಗ್. ಇದೆಲ್ಲ ಅವಳಿಗೆ ಬಾಯಿಪಾಠ. ಏಳರ ಮಗ್ಗಿ ಕೇಳಿದರೆ ಮಾತ್ರ ಕಿಟಕಿಯ ಕಡೆ ನೋಡುತ್ತಾಳೆ.

ವಾದ್ಯ ನೋಡಲು ಚೆನ್ನಾಗಿಯೇ ಇತ್ತು. ಮಾರುವವರು, "ಪ್ಲಗ್ ಹಾಕಿ ನುಡಿಸಮ್ಮ" ಎಂದು ವೈರನ್ನು ಅವಳ ಕೈಗೆ ಕೊಟ್ಟರು. ನಾನು ಓದಿದ್ದು ಬಿಕಾಂ, ವಿದ್ಯುತ್ತಿನ ವಿಷಯದಲ್ಲಿ ಫ್ಯೂಸ್ ಕಟ್ಟುವಷ್ಟೇ ಗೊತ್ತು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಚೆಕ್ಕಿನ ಬೆನ್ನು ನೋಡದೆ ದುಡ್ಡು ಕೊಡುವ ಅಭ್ಯಾಸವಿಲ್ಲ. ತಡೆಯಮ್ಮ ಎಂದು ಪೆಟ್ಟಿಗೆಯನ್ನು ತಿರುಗಿಸಿ ಕನ್ನಡಕ ಹಾಕಿಕೊಂಡೆ. ವೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 100 ವೋಲ್ಟ್ ಎಂದಿತ್ತು. ಜಪಾನಿನ ಮನೆಗಳಿಗೆ ಬರುವ ವಿದ್ಯುತ್ತು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮ ಗೋಡೆಯಲ್ಲಿರುವುದು 230. ನೇರವಾಗಿ ಚುಚ್ಚಿದ್ದರೆ ಹೊಗೆ ಬರುತ್ತಿತ್ತು. ಇಳಿಸುವ ಟ್ರಾನ್ಸ್‌ಫಾರ್ಮರ್ ಎಲ್ಲಿ ಎಂದೆ. ಅವರು ಮನೆಯೆಲ್ಲ ಹುಡುಕಿ ಒಂದನ್ನು ತಂದರು, ಮರೆತಿದ್ದರಂತೆ. ಇರಲಿ.

ಅದನ್ನು ಹಾಕಿ ಒಂದೊಂದೇ ಮನೆ ಒತ್ತಿಸಿದೆ. ಒಂದೂ ಬಿಡದೆ, ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ. ಐದು ಮನೆ ಮೂಕ. ಮನೆಗಳ ಕೆಳಗಿನ ರಬ್ಬರು ಸವೆದರೆ ಹೀಗಾಗುತ್ತದೆ, ಕೆಲವೊಮ್ಮೆ ಶುಚಿ ಮಾಡಿದರೆ ಸರಿಹೋಗುವುದೂ ಉಂಟು. ಆಮೇಲೆ ಒಂದು ನಾದವನ್ನು ನೆನಪಿನಲ್ಲಿ ಇಡಿಸಿ, ಸ್ವಿಚ್ ಆರಿಸಿ, ಮತ್ತೆ ಹಾಕಿಸಿದೆ. ಮರೆತುಹೋಗಿತ್ತು. ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಅದು ಸತ್ತರೆ ಜೋಪಾನ ಮಾಡಿಟ್ಟ ನಾದವೆಲ್ಲ ಹೋಗುತ್ತದೆ. ಅನೇಕ ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಗಡಿಯಾರದ ಸೆಲ್ಲಿನಂತೆ ಕಿತ್ತು ಹಾಕಲಾಗದು. ರಿಪೇರಿಗೆ ಇನ್ನೆಷ್ಟು ಎಂದು ಹೇಳುವವರಿಲ್ಲ. ಅವಳ ಪೂರ್ತಿ ಉಳಿತಾಯ, ಮೇಲೆ ನನ್ನ ನಾಲ್ಕು ಸಾವಿರ. ಬೇಡ ಎಂದೆ. ಮೆಜೆಸ್ಟಿಕ್ ದಾಟಿದರೂ ಅವಳು ಮಾತಾಡಲಿಲ್ಲ.

ಆ ಬೆನ್ನಿನಲ್ಲಿ ನಾನು ಕಂಡ ಇನ್ನೊಂದನ್ನು ಹೇಳಬೇಕು. ಐದು ತೂತಿನ ದುಂಡನೆಯ ಕಿಂಡಿ, ಮೇಲೆ ಮಿಡಿ ಎಂದು ಬರೆದಿತ್ತು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ಒಂದು ವೈರಿನಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವಂತೆ ಮಾಡಿ ತೋರಿಸಿದರು. ಅದಕ್ಕೆ ದುಡಿದ ಜಪಾನಿನ ಇಕುಟಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಅವರಿಗೆ 2013ರಲ್ಲಿ ಗ್ರ್ಯಾಮಿ ಗೌರವ ಸಂದಿತು. ಆ ಭಾಷೆ ಇಂದಿಗೂ ಅದೇ. ಹಾಗಾಗಿ ಆಗಿನ ವಾದ್ಯವೂ ಇಂದಿನ ಕಂಪ್ಯೂಟರೂ ಒಂದು ಅಗ್ಗದ ವೈರಿನಿಂದ ಮಾತಾಡಬಲ್ಲವು. ಮಿಡಿಯಲ್ಲಿ ಸದ್ದು ಹರಿಯುವುದಿಲ್ಲ. ಅದು ಬ್ಯಾಂಕಿನ ಚಲನ್ ಇದ್ದಂತೆ. ಚಲನ್ನಿನೊಳಗೆ ದುಡ್ಡಿರುವುದಿಲ್ಲ, ಯಾವ ಖಾತೆಗೆ ಎಷ್ಟು ಎಂಬ ಆದೇಶ ಇರುತ್ತದೆ. ಇಲ್ಲಿ ಯಾವ ಮನೆ, ಎಷ್ಟು ಜೋರು ಎಂಬುದು. ಒತ್ತಿದ್ದಕ್ಕೆ ಮೂರು ಬೈಟ್, ಬಿಟ್ಟದ್ದಕ್ಕೆ ಮೂರು. ಮುನ್ನೂರು ಸ್ವರದ ಹಾಡಿಗೆ 1,800 ಬೈಟ್. ಅದೇ ಸದ್ದನ್ನೇ ಸಿ.ಡಿ. ಗುಣಮಟ್ಟದಲ್ಲಿ ಹಿಡಿದರೆ ಸೆಕೆಂಡಿಗೆ 44,100 ಮಾದರಿ, ಮಾದರಿಗೆ ಎರಡು ಬೈಟ್, ಎಡ ಬಲ ಎರಡು ಕಿವಿ. ನಿಮಿಷಕ್ಕೆ 1,05,84,000 ಬೈಟ್. ಮಕ್ಕಳೇ, ಗುಣಿಸಿ ನೋಡಿ, ನಾನು ಕಾಗದದ ಮೇಲೇ ಮಾಡಿದ್ದು.

ಹಳೆಯ ಕಂಪ್ಯೂಟರಿನ ಆಸೆಯೂ ಅವಳಿಗಿತ್ತು. 1985ರ ಅಟಾರಿ ಎಸ್‌ಟಿಗೆ ಮಿಡಿ ಕಿಂಡಿ ಹುಟ್ಟಿನಿಂದಲೇ ಇತ್ತು, ಆ ಕಾಲದ ಎಷ್ಟೋ ಸ್ಟುಡಿಯೊಗಳಲ್ಲಿ ಅದೇ ದುಡಿದದ್ದು. ಈಗ ಅದರ ಫ್ಲಾಪಿ ಹುಡುಕುವುದೇ ಒಂದು ತಪಸ್ಸು. ವಾದ್ಯ ಹಳೆಯದಾದರೆ ನಾದಕ್ಕಾಗಿ ಸಹಿಸಬಹುದು, ಲೆಕ್ಕ ಬರೆಯುವ ಗುಮಾಸ್ತ ಯಾಕೆ ಹಳಬನಾಗಬೇಕು? ಈ ಮಾತು ಬರೆಯುತ್ತಿರುವವನೂ ಹಳೆಯ ಗುಮಾಸ್ತನೇ ಎಂದು ಅಜ್ಜಿ ಜ್ಞಾಪಿಸುತ್ತಿದ್ದಾಳೆ. ಐಟಿ ಕಚೇರಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬರುತ್ತವೆ. 8 ಜಿಬಿ ಮೆಮೊರಿ, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ, ಇಷ್ಟಿದ್ದರೆ ಮನೆಯ ಸಂಗೀತಕ್ಕೆ ಧಾರಾಳ. ರೆಕಾರ್ಡ್ ಮಾಡಲು ಆಡಾಸಿಟಿ, ಸ್ವರ ಜೋಡಿಸಲು ಎಲ್‌ಎಂಎಂಎಸ್, ಎರಡೂ ಉಚಿತ. ನಮ್ಮಲ್ಲಿ ಮಗನ ಹಳೇ ಲ್ಯಾಪ್‌ಟಾಪೇ ಇತ್ತು.

ಎರಡು ವಾರದ ಮೇಲೆ ಪೀಣ್ಯದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಅಟ್ಟದ ಮೇಲಿದ್ದ ಕೀಬೋರ್ಡ್ ಸಿಕ್ಕಿತು. ದೊಡ್ಡ ಹೆಸರಿನದಲ್ಲ, ಆದರೆ 61 ಮನೆಯೂ ನುಡಿಯುತ್ತವೆ, ಬೆನ್ನಿನಲ್ಲಿ ಮಿಡಿ ಕಿಂಡಿ ಇದೆ, ಅಡಾಪ್ಟರ್ ನಮ್ಮ 230ಕ್ಕೇ ಮಾಡಿದ್ದು. ನಾಲ್ಕು ಸಾವಿರ. ಆ ನಾಲ್ಕು ಸಾವಿರ ಯಾರದು ಎಂಬುದು ನಿಮಗೆ ಗೊತ್ತಾಗಿರಬೇಕು.

ತೂಕದ ನಾದ ಎಲ್ಲಿ ಎಂದು ಅವಳು ಗೊಣಗಿದಾಗ ಅಜ್ಜಿ ಬೀರುವಿನಿಂದ ತನ್ನ ಹಳೆಯ ಎಲೆಕ್ಟ್ರಾನಿಕ್ ತಂಬೂರಿ ಇಳಿಸಿಕೊಟ್ಟಳು. ಯಾವ ಕಂಪನಿಯದೋ, ಹೆಸರಿನ ಚೀಟಿ ಉದುರಿಹೋಗಿದೆ. ಹುಡುಗಿ ಅದನ್ನು ಐದು ಮನೆ ಶ್ರುತಿಗೆ ಕೂಡಿಸಿ ರೆಕಾರ್ಡ್ ಮಾಡಿಕೊಂಡಳು. ಅದರ ಮೇಲೆ ಕೀಬೋರ್ಡಿನಲ್ಲಿ ಮೋಹನ ನುಡಿಸಿದರೆ ಎರಡಕ್ಕೂ ಹೊಂದಿಕೆಯೇ ಇಲ್ಲ! ಹಳೆಯ ಬಿಡಿಭಾಗಗಳು ಬಿಸಿಯಾದಂತೆ ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ. ಕೀಬೋರ್ಡಿನದು ಸರಿಯುವುದಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡು ಅವಳೇ ಕಂಡುಕೊಂಡಳು: ಅರ್ಧ ಗಂಟೆ ಮೊದಲೇ ತಂಬೂರಿ ಹಾಕಿಟ್ಟು ಆಮೇಲೆ ಶ್ರುತಿ ಮಾಡಿದರೆ ನಿಲ್ಲುತ್ತದೆ.

ಶಾಲೆಯಿಂದ ಅವಳು ಬರುವುದು ನಾಲ್ಕೂವರೆಗೆ. ನಾಲ್ಕಕ್ಕೆ ನಾನು ಹೋಗಿ ಅದರ ಸ್ವಿಚ್ ಹಾಕುತ್ತೇನೆ.