ಗೇರ್‌ಬಾಕ್ಸ್ ಬದಲಾತು, ಮೀಟರ್ ಯಾರು ನೋಡಬೇಕು?

ಹಳೇ ಗಾಡಿ ಇದ್ದ ಮನ್ಯಾಗ ಗೇರ್‌ಬಾಕ್ಸ್ ಬದಲ್ಸೂ ಮಾತು ಒಂದಿಲ್ಲೊಂದು ದಿನ ಬಂದ ಬರ್ತದ. ಒಳಗಿನ ಹಲ್ಲು ಸವದಿರ್ತಾವ, ಎರಡನೇ ಗೇರು ತಾನ ಹೊರಗ ಜಿಗೀತದ, ಹೊಸಾ ಸಾಮಾನು ಹುಡುಕಿದ್ರೂ ಸಿಗೂದಿಲ್ಲ. ಆವಾಗ ಮಿಸ್ತ್ರಿ "ಇದನ್ನ ತಗದ ಬಿಡೋಣ್ರಿ, ಐದು ಗೇರಿನ ಬಾಕ್ಸ್ ಕೂಡ್ಸೋಣ, ಹೈವೇದಾಗ ಆರಾಮ ಓಡ್ತದ" ಅಂತಾನ. ನಮ್ಮ ಕಡೆ ಅಂಬಾಸಿಡರ್ ಇಟಗೊಂಡವರ ಮನ್ಯಾಗ ಈ ಮಾತು ಭಾಳ ಆಗೇದ. ಮೊದಲಿನ ಅಂಬಾಸಿಡರಿಗೆ ನಾಕು ಗೇರು. 1990ರ ದಶಕದಾಗ ಇಸುಝು ಇಂಜಿನ್ ಬಂದ ಮ್ಯಾಲೆ ಐದು ಗೇರು ಬಂದ್ವು. ಹಂಗಾಗಿ ಗುಜರಿಯಿಂದ ಐದು ಗೇರಿನ ಬಾಕ್ಸ್ ತಂದು ಹಳೇ ಗಾಡಿಗೆ ಹಾಕಸೂದು ಒಂದು ರೂಢಿನ ಆತು. ಮಾರುತಿ 800 ಇದ್ದವರೂ ಇದನ್ನ ಮಾಡ್ಯಾರ. ಅದಕ್ಕೂ ಮೊದಲ ನಾಕು ಗೇರು, 2000ದ ಸುಮಾರಿಗೆ ಐದು ಗೇರಿನದು ಬಂತು.

ಬಾಕ್ಸ್ ಕೂಡ್ತದ, ಗಾಡಿ ಓಡ್ತದ, ಎಲ್ಲಾರೂ ಖುಷಿ. ಮೀಟರಿನ ಮುಳ್ಳು ಖರೇ ಹೇಳ್ತದೋ ಸುಳ್ಳು ಹೇಳ್ತದೋ ಅನ್ನೂದನ್ನ ಮಾತ್ರ ಯಾರೂ ಕೇಳೂದಿಲ್ಲ. ನಾನು ಹೇಳೂದು ಇಷ್ಟ: ಮೀಟರ್ ಸರಿ ಆಗೂತನಕ ಗೇರ್‌ಬಾಕ್ಸಿನ ಕೆಲಸ ಮುಗದಿಲ್ಲ, ಮಿಸ್ತ್ರಿಗೆ ಪೂರಾ ರೊಕ್ಕ ಕೊಡಬ್ಯಾಡ್ರಿ. ಇದು ಗಂಡಸರ ವಿಷಯ ಅಂತ ನಾವು ಅಡಗಿ ಮನಿಗೆ ಹೋಗಿ ಕೂಡೂ ಮಾತಲ್ಲ. ಆ ಗಾಡ್ಯಾಗ ಕೂಡವರು ನಾವು, ಕಲಿಯೂ ಹುಡುಗಿ ನಮ್ಮಕಿ, ಎಣ್ಣಿ ಖರ್ಚು ಬರಿಯೂ ಡೈರಿ ನಮ್ಮ ಕೈಯಾಗ ಅದ.

ಮೊದಲ ಈ ಮೀಟರ್ ಹೆಂಗ ಕೆಲಸ ಮಾಡ್ತದ ತಿಳ್ಕೊಳ್ಳೋಣ. ಹೊಲಿಗಿ ಮಶೀನ್ ಎಲ್ಲಾರ ಮನ್ಯಾಗೂ ನೋಡೀರಿ. ಕೆಳಗಿನ ದೊಡ್ಡ ಗಾಲಿ ಒಂದು ಸುತ್ತು ತಿರಗಿದ್ರ ಮ್ಯಾಲಿನ ಸಣ್ಣ ಗಾಲಿ ಎಷ್ಟೋ ಸುತ್ತು ತಿರಗ್ತದ. ಸಣ್ಣ ಗಾಲಿ ಬದಲಿಸಿ ತುಸು ದೊಡ್ಡದು ಹಾಕಿದ್ರ? ಕಾಲು ಅಷ್ಟ ತುಳೀರಿ, ಹೊಲಿಗಿ ಕಡಿಮಿ ಬೀಳ್ತಾವ. ಗಾಡ್ಯಾಗೂ ಹಿಂಗ. ಗೇರ್‌ಬಾಕ್ಸಿನ ಬಾಲದ ಕಡೆ, ಗಾಲಿಗೆ ಹೋಗೂ ಶಾಫ್ಟಿನ ಮ್ಯಾಲೆ ಸ್ಕ್ರೂ ಹಂಗ ಸುತ್ತಿದ ಹಲ್ಲು ಇರ್ತಾವ. ಅದಕ್ಕ ಒಂದು ಸಣ್ಣ ಗೇರು, ಭಾಳ ಗಾಡ್ಯಾಗ ಪ್ಲಾಸ್ಟಿಕಿಂದು, ಕಚ್ಚಿಕೊಂಡು ತಿರಗ್ತದ. ಅದರೊಳಗ ಕೇಬಲ್ ಸಿಕ್ಕಸಿರ್ತಾರ. ಆ ಕೇಬಲ್ ತಿರಗ್ಕೋತ ಮೀಟರಿನ ತನಕ ಹೋಗ್ತದ.

ಮೀಟರಿನೊಳಗ ಆ ಕೇಬಲ್ ಒಂದು ಚುಂಬಕ ತಿರಗಸ್ತದ. ಚುಂಬಕದ ಸುತ್ತ ಅಲ್ಯೂಮಿನಿಯಮ್ಮಿನ ಒಂದು ಬಟ್ಲ ಇರ್ತದ. ಎರಡೂ ಒಂದಕ್ಕೊಂದು ಮುಟ್ಟೂದಿಲ್ಲ. ಚುಂಬಕ ತಿರಗಿದ್ರ ಬಟ್ಲಾನೂ ಅದರ ಹಿಂದ ಎಳಿಸ್ಕೋತದ, ಒಂದು ಸಣ್ಣ ಸ್ಪ್ರಿಂಗ್ ಅದನ್ನ ಹಿಂದಕ್ಕ ಹಿಡೀತದ. ಈ ಜಗ್ಗಾಟದಾಗ ಮುಳ್ಳು ಎಲ್ಲಿ ನಿಲ್ತದೋ ಅದ ನಾವು ಓದೂ ವೇಗ. 1902ರಾಗ ಜರ್ಮನಿಯ ಓಟೋ ಶುಲ್ಝ ಅನ್ನಾಂವ ಇದಕ್ಕ ಪೇಟೆಂಟ್ ತಗೊಂಡಾನ. ನೂರು ವರ್ಷ ಹೆಚ್ಚುಕಡಿಮಿ ಇದ ನಡದು ಬಂತು. ಕಿಲೋಮೀಟರ್ ಎಣಿಸೂ ಅಂಕಿಗೆ ಮಾತ್ರ ಚುಂಬಕ ಬೇಕಾಗಿಲ್ಲ, ಅದು ಹಲ್ಲಿನ ಗಾಲಿ ಮ್ಯಾಲೆನ ನಡೀತದ. ಈ ಫರಕ್ ನೆನಪಿಡ್ರಿ, ಮುಂದ ಬೇಕಾಗ್ತದ.

ಅಂದ್ರ ಮೀಟರಿಗೆ ದಾರಿ ಕಾಣೂದಿಲ್ಲ. ಕೇಬಲ್ ಎಷ್ಟು ಸುತ್ತು ತಿರಗ್ತು ಅನ್ನೂದಷ್ಟ ಅದಕ್ಕ ಗೊತ್ತು. ಜಪಾನಿನ ಗಾಡಿಗಳಾಗ ಒಂದು ಕಿಲೋಮೀಟರಿಗೆ ಕೇಬಲ್ 637 ಸುತ್ತು ತಿರಗಬೇಕು ಅನ್ನೂ ಪದ್ಧತಿ. ಹಳೇ ಇಂಗ್ಲಿಷ್ ಗಾಡಿ ಮೀಟರಿಗೆ ಒಂದೊಂದಕ್ಕ ಒಂದೊಂದು ಲೆಕ್ಕ, ಅದನ್ನ ಮೀಟರಿನ ಮುಖದ ಮ್ಯಾಲೆ ಸಣ್ಣ ಅಂಕಿಯಾಗ ಬರದಿರ್ತಿದ್ರು. ಒಂದು ಕಡೆಯ ಬಾಕ್ಸ್, ಇನ್ನೊಂದು ಕಡೆಯ ಮೀಟರ್ ಕೂಡಿಸಿದ್ರ ಎರಡರ ಲೆಕ್ಕ ತಾನಾಗೆ ಹೊಂದ್ತದ ಅಂತ ಯಾರು ಹೇಳಾಕ ಬರ್ತದ? ಸೋಲಾಪುರದ ಸೇರು ತಂದು ನಮ್ಮ ಊರ ಸೇರಿನ ಲೆಕ್ಕಾ ಬರದಂಗ.

ಇಲ್ಲೆ ಒಂದು ತಪ್ಪು ತಿಳುವಳಿಕಿ ಎಲ್ಲಾ ಕಡೆ ಅದ. "ಐದನೇ ಗೇರು ಬಂತಲ್ಲಾ, ಅದಕ್ಕ ಮೀಟರ್ ತಪ್ಪೇದ" ಅಂತಾರ. ಅದಲ್ಲ. ಕೇಬಲ್ ಸುತ್ತು ತಗೊಳ್ಳೂದು ಗೇರುಗಳೆಲ್ಲಾ ದಾಟಿ ಆದ ಮ್ಯಾಲೆ, ಗಾಲಿಗೆ ಹೋಗೂ ಶಾಫ್ಟಿನಿಂದ. ಮೂರರಾಗ ಓಡ್ಸ್ರಿ, ಐದರಾಗ ಓಡ್ಸ್ರಿ, ಒಂದು ಕಿಲೋಮೀಟರಿಗೆ ಆ ಶಾಫ್ಟ್ ಅಷ್ಟ ಸುತ್ತು ತಿರಗ್ತದ. ಹೊಸಾ ಬಾಕ್ಸಿನಾಗ ಬದಲಾಗಿರೂದು ಆ ಸ್ಕ್ರೂ ಹಲ್ಲು, ಆ ಸಣ್ಣ ಗೇರು. ಅವನ್ನ ಬ್ಯಾರೆ ಗಾಡಿಯ ಹಿಂದಿನ ಡಿಫರೆನ್ಶಿಯಲ್ಲಿಗೆ, ಬ್ಯಾರೆ ಅಳತಿ ಟಾಯರಿಗೆ ಹೊಂದೂ ಹಂಗ ಮಾಡಿರ್ತಾರ. ನಮ್ಮ ಗಾಡಿ ಡಿಫರೆನ್ಶಿಯಲ್ಲು, ಟಾಯರು ಹಳೇವ. ಅದಕ್ಕ ಲೆಕ್ಕ ತಪ್ತದ. ಫೋರ್ ವ್ಹೀಲ್ ಜೀಪಿನಾಗ ಕೇಬಲ್ ಗೇರ್‌ಬಾಕ್ಸಿಗೆ ಇರೂದಿಲ್ಲ, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿಗೆ ಇರ್ತದ. ಅಲ್ಲೆ ಬರೇ ಗೇರ್‌ಬಾಕ್ಸ್ ಬದಲಿಸಿದ್ರ ಮೀಟರಿಗೆ ಏನೂ ಆಗೂದಿಲ್ಲ. ಈಗಿನ ಹೊಸಾ ಕಾರು ಭಾಳಷ್ಟು ಗಾಲಿ ಹತ್ರದ ಸೆನ್ಸರಿನಿಂದನ ವೇಗ ತಿಳ್ಕೋತಾವ, ಅಲ್ಲೆ ಟಾಯರ್ ಅಳತಿ ಬದಲಾದ್ರ ಮಾತ್ರ ಚಿಂತಿ.

ಇನ್ನ ತಪ್ಪಿದ್ರ ಏನಾಗ್ತದ ನೋಡೋಣ. ಹತ್ತು ಕಿಲೋಮೀಟರ್ ಓಡಿದ್ರ ಮೀಟರ್ ಒಂಬತ್ತು ಅಂತ ತೋರಸ್ತದ ಅಂತ ಹಿಡೀರಿ. ಮುಳ್ಳು 90ರ ಮ್ಯಾಲೆ ಇದ್ದಾಗ ಗಾಡಿ ಓಡ್ತಿರೂದು 100ರಾಗ. ಮುಳ್ಳು 60 ಅಂದಾಗ ಖರೇ ವೇಗ 66ರ ಮ್ಯಾಲೆ. "ಆರು ಕಿಲೋಮೀಟರ್ ಜಾಸ್ತಿ, ಅದೇನು ಮಹಾ" ಅಂತೀರಿ. ಬ್ರೇಕ್ ಹಾಕಿ ಗಾಡಿ ನಿಲ್ಲೂ ದೂರ ವೇಗದ ಹಂಗ ಏರೂದಿಲ್ಲ, ವೇಗದ ವರ್ಗದ ಹಂಗ ಏರ್ತದ. ಹತ್ತಕ್ಕೊಂದು ಪಾಲು ವೇಗ ತಪ್ಪಿದ್ರ ನಿಲ್ಲೂ ದೂರ ಸುಮಾರು ನಾಕಕ್ಕೊಂದು ಪಾಲು ಹೆಚ್ಚಾಗ್ತದ. ಎದುರಿಗೆ ಎಮ್ಮಿ ಬಂದಾಗ, ಸಾಲಿ ಹುಡುಗೂರು ದಾರಿ ದಾಟೂವಾಗ, ಆ ನಾಕಕ್ಕೊಂದು ಪಾಲು ಎಲ್ಲಿಂದ ತರೋಣು? ಬೆಂಗಳೂರು–ಮೈಸೂರು ಹೈವೇದಾಗ ಕಾರಿಗೆ 100ರ ಮಿತಿ ಅದ, ಕ್ಯಾಮೆರಾ ಅವ. ಮುಳ್ಳು 95 ತೋರಿಸ್ತಿದ್ರೂ ಗಾಡಿ 105 ದಾಟಿರ್ತದ. ದಂಡದ ಚೀಟಿ ಯಾರ ಹೆಸರಿಲೆ ಗಾಡಿ ಅದನೋ ಅವರ ಮನಿಗೆ ಬರ್ತದ.

ಗಂಡಸರು ಇದಕ್ಕ ಒಂದು ಉತ್ರಾ ಇಟಗೊಂಡಾರ: "ಮೂವತ್ತು ವರ್ಷ ಓಡಿಸೇನಿ, ನಂಗ ಮೀಟರ್ ಯಾಕ ಬೇಕು? ಇಂಜಿನ್ ಸಪ್ಪಳಾ ಕೇಳಿದ್ರ ವೇಗ ಹೇಳ್ತೀನಿ." ಒಪ್ಪೋಣ, ಹಳೇ ಬಾಕ್ಸ್ ಇದ್ದಾಗ ಹೇಳ್ತಿದ್ರು. ಆದ್ರ ಐದನೇ ಗೇರು ಹಾಕಿಸಿದ್ದ ಯಾಕ? ಅದ ವೇಗಕ್ಕ ಇಂಜಿನ್ ನಿಧಾನ ತಿರಗಲಿ, ಸಪ್ಪಳ ಕಡಿಮಿ ಆಗಲಿ ಅಂತ. ಮೂವತ್ತು ವರ್ಷ ಕಿವಿಗೆ ರೂಢಿ ಆಗಿದ್ದ ಸಪ್ಪಳನ ಈಗ ಬದಲಾಗೇದ. ಕಿವಿನೂ ಕಡಿಮಿ ಹೇಳ್ತದ, ಮುಳ್ಳೂ ಕಡಿಮಿ ಹೇಳ್ತದ. ಎರಡೂ ಕೂಡಿ ಒಂದ ಸುಳ್ಳು ಹೇಳಿದ್ರ ಮನಷಾ ನಂಬದ ಏನ್ ಮಾಡ್ತಾನ? ಅವರದಾದ್ರೂ ಅನುಭವ ಅದ ಅನ್ನೋಣ. ಹೊಸದಾಗಿ ಕಲಿಯೂ ಮಗಳು, ಸೊಸಿ, ಅವರಿಗೆ ಸಪ್ಪಳದ ಅಂದಾಜು ಎಲ್ಲಿಂದ ಬರಬೇಕು? ಅವರಿಗೆ ಇರೂದು ಆ ಮುಳ್ಳು ಒಂದ.

"ಫೋನಿನಾಗ ವೇಗ ಕಾಣಸ್ತದಲ್ಲಾ" ಅಂತ ಹುಡುಗೂರು ಹೇಳ್ತಾರ. ಕಾಣಸ್ತದ, ಪರೀಕ್ಷಾ ಮಾಡಾಕ ಛಲೋ. ಆದ್ರ ದಿನಾ ಓಡಿಸೂವಾಗ ಕಣ್ಣು ಫೋನಿನ ಮ್ಯಾಲೆ ಇರಬೇಕು ಅನ್ನೂದು ನನಗ ಒಪ್ಪಿಗಿ ಇಲ್ಲ. ಮತ್ತ ಫೋನು ನಿಮ್ಮ ಗಾಡಿ ಕಿಲೋಮೀಟರಿನ ಅಂಕಿ ಸರಿ ಮಾಡೂದಿಲ್ಲ.

ಆ ಅಂಕಿ ಮ್ಯಾಲೆನ ಮನಿ ಲೆಕ್ಕಾ ನಿಂತದ. 20 ಲೀಟರ್ ಎಣ್ಣಿ ಹಾಕಿಸಿದ್ರಿ, ಗಾಡಿ ಖರೇನ 240 ಕಿಲೋಮೀಟರ್ ಓಡ್ತು. ಅಂದ್ರ ಲೀಟರಿಗೆ 12. ಮೀಟರ್ ತೋರಸೂದು 216. ಡೈರಿಯಾಗ ಲೀಟರಿಗೆ 10.8 ಅಂತ ಬೀಳ್ತದ. ಆಮ್ಯಾಲೆ ಶುರು ಆಗ್ತದ ನೋಡ್ರಿ, "ಹೊಸಾ ಬಾಕ್ಸ್ ಹಾಕಿಸಿದ ಮ್ಯಾಲೆ ಎಣ್ಣಿ ಕುಡಿಯಾಕತ್ತೇದ" ಅಂತ. ಕಾರ್ಬೊರೇಟರ್ ಬಿಚ್ಚಸ್ತಾರ, ಪ್ಲಗ್ ಬದಲಸ್ತಾರ, ಬಂಕಿನವನ ಮ್ಯಾಲೆ ಸಂಶಯಾ ಪಡ್ತಾರ. ಇಂಜಿನ್ ಆಯಿಲ್ ತೆಗೆಯೂದೂ ತಡಾ ಆಗ್ತದ. ಮೀಟರಿನಾಗ 5000 ಆಗೂವಾಗ ಗಾಡಿ 5500 ದಾಟಿರ್ತದ. ರೋಗ ಒಂದು ಕಡೆ, ಔಷಧಾ ಇನ್ನೊಂದು ಕಡೆ.

ಮೀಟರ್ ಜಾಸ್ತಿ ತೋರಿಸಿದ್ರ? ಅದು ಅಷ್ಟು ಅಪಾಯ ಅಲ್ಲ. ಬ್ಯಾರೆ ದೇಶಗಳಾಗ ಒಪ್ಪಿಕೊಂಡ ವಿಶ್ವಸಂಸ್ಥೆಯ 39ನೇ ನಿಯಮಾನೂ ಹಂಗ ಹೇಳ್ತದ: ಮೀಟರ್ ಖರೇ ವೇಗಕ್ಕಿಂತ ಕಡಿಮಿ ತೋರಸಲೇಬಾರದು, ಜಾಸ್ತಿ ತೋರಿಸಿದ್ರ ಹತ್ತಕ್ಕೊಂದು ಪಾಲು, ಮ್ಯಾಲೆ ನಾಕು ಕಿಲೋಮೀಟರ್ ತನಕ ನಡೀತದ. ಖರೇ 100 ಇದ್ದಾಗ 114ರ ತನಕ ಒಪ್ಪಿಗಿ, 99 ತೋರಿಸಿದ್ರ ಒಪ್ಪಿಗಿ ಇಲ್ಲ. ಹೊಸಾ ಕಾರಿನಾಗೂ ಮುಳ್ಳು ಫೋನಿಗಿಂತ ಮೂರ್ನಾಕು ಜಾಸ್ತಿ ತೋರಸೂದು ಇದಕ್ಕ. ಅದನ್ನ ಕೆಟ್ಟದ ಅಂತ ರಿಪೇರಿಗೆ ಒಯ್ಯಬ್ಯಾಡ್ರಿ.

ಪರೀಕ್ಷಾ ಮಾಡೂದು ನಮ್ಮ ಕೈಯಾಗಿಂದ. ಇಬ್ಬರು ಬೇಕು: ಒಬ್ಬರು ಓಡ್ಸಾಕ, ಒಬ್ಬರು ಗಡಿಯಾರ ಹಿಡಿಯಾಕ. ಹೈವೇದ ಕಿಲೋಮೀಟರ್ ಕಲ್ಲು ಇದಕ್ಕ ಛಲೋ, ರಾಷ್ಟ್ರೀಯ ಹೆದ್ದಾರಿದು ಹಳದಿ ತಲಿ, ರಾಜ್ಯ ಹೆದ್ದಾರಿದು ಹಸರು ತಲಿ. ಗದ್ದಲ ಇಲ್ಲದ ಮುಂಜಾನೆ ಹೋಗಿ ಮುಳ್ಳು 60ರ ಮ್ಯಾಲೆ ಅಲುಗಾಡದಂಗ ಇಟ್ಟು, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟು ಸೆಕೆಂಡ್ ಆತು ನೋಡ್ರಿ. 60 ಆದ್ರ ಸರಿ. 54 ಆದ್ರ ಖರೇ ವೇಗ 66ರ ಮ್ಯಾಲೆ. 3600ನ್ನ ಸೆಕೆಂಡಿನಿಂದ ಭಾಗಿಸಿದ್ರ ಉತ್ರಾ ಬರ್ತದ. ಆಮ್ಯಾಲೆ ಹತ್ತು ಕಲ್ಲು ದಾಟಿ ಕಿಲೋಮೀಟರಿನ ಅಂಕಿ ಎಷ್ಟು ಮುಂದ ಹೋತು ಬರಕೊಳ್ರಿ.

ಈಗ ಮೊದಲ ಹೇಳಿದ ಫರಕ್ ನೆನಸ್ಕೊಳ್ರಿ. ಮುಳ್ಳೂ ಅಂಕಿನೂ ಒಂದ ಪ್ರಮಾಣದಾಗ ತಪ್ಪಿದ್ರ ತಪ್ಪು ಸಣ್ಣ ಗೇರಿನಾಗ ಅದ. ಅಂಕಿ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ರ ಗೇರು ಮುಟ್ಟಬ್ಯಾಡ್ರಿ, ಮೀಟರಿನೊಳಗಿನ ಚುಂಬಕ, ಸ್ಪ್ರಿಂಗಿನ ತೊಂದ್ರಿ ಅದು. ಮುಳ್ಳು ಥರಥರ ನಡಗಿದ್ರ ಕೇಬಲ್ ಒಣಗೇದ ಇಲ್ಲಾ ಎಲ್ಲೋ ಮುರದಂಗ ಬಾಗೇದ. ಇಷ್ಟು ಹೇಳಿದ್ರ ಯಾವ ಮಿಸ್ತ್ರಿನೂ ನಿಮಗ ಬ್ಯಾಡಾದ ಖರ್ಚು ಹಚ್ಚೂದಿಲ್ಲ.

ಗೇರಿನ ಲೆಕ್ಕಾ ಮೂರನೇ ಇಯತ್ತೆಯದು. ಈಗಿನ ಸಣ್ಣ ಗೇರಿಗೆ 18 ಹಲ್ಲು, ಹತ್ತು ಕಿಲೋಮೀಟರಿಗೆ ಮೀಟರ್ ಒಂಬತ್ತು ತೋರಿಸ್ತು. 18ನ್ನ 9ರಿಂದ ಗುಣಿಸಿ 10ರಿಂದ ಭಾಗಿಸ್ರಿ: 16.2. 16 ಹಲ್ಲಿನ ಗೇರು ಹಾಕಸ್ರಿ. ಹಲ್ಲು ಕಡಿಮಿ ಆದ್ರ ಕೇಬಲ್ ಜೋರ ತಿರಗ್ತದ, ಮೀಟರ್ ಏರ್ತದ. ಆಮ್ಯಾಲೆ ಹತ್ತಕ್ಕ ಹತ್ತು ಮತ್ತ ಒಂದು ಚೂರು ಹೆಚ್ಚು ತೋರಸ್ತದ, ಅದು ಇರಲಿ. ಆ ಬಾಕ್ಸಿಗೆ ಅಂಥ ಗೇರು ಸಿಗಲಿಲ್ಲಂದ್ರ, ಇಲ್ಲಾ ಆ ಜಾಗಾದಾಗ ಕೂಡಲಿಲ್ಲಂದ್ರ, ಕೇಬಲ್ಲಿನ ನಡುವ ಹಾಕೂ ಸಣ್ಣ ಗೇರಿನ ಡಬ್ಬಿ ಬರ್ತದ. ಅದೂ ಆಗದಿದ್ರ ಮೀಟರ್ ರಿಪೇರಿಯವರು ಮೀಟರನ್ನ ಹೊಂದಿಸಿ ಕೊಡ್ತಾರ. ಗೇರ್‌ಬಾಕ್ಸಿನ ಖರ್ಚಿನ ಮುಂದ ಇದು ಒಗ್ಗರಣಿ ಸಾಸಿವಿಯಷ್ಟು.

ಮೀಟರ್ ಬಿಚ್ಚಿದಾಗ "ಅಂಕಿ ತುಸು ಇಳಿಸಿ ಕೊಡಲೇನ್ರಿ, ಮಾರೂವಾಗ ಬೆಲಿ ಬರ್ತದ" ಅಂತ ಕೇಳವರೂ ಇರ್ತಾರ. ಅದಕ್ಕ ಮಾತ್ರ ಹೂಂ ಅನಬ್ಯಾಡ್ರಿ. ನಮ್ಮಂಥಾದ್ದ ಒಂದು ಮನಿಯವರು ಮುಂದ ಆ ಗಾಡಿ ತಗೋತಾರ. ಯಾವ ತಾರೀಖಿಗೆ ಬಾಕ್ಸ್ ಬದಲಾತು, ಆವಾಗ ಅಂಕಿ ಎಷ್ಟಿತ್ತು, ಮೀಟರ್ ಎಷ್ಟು ತಪ್ಪು ತೋರಿಸ್ತಿತ್ತು, ಯಾವಾಗ ಸರಿ ಆತು, ಇಷ್ಟೂ ಬರದು ಗಾಡಿ ಕಾಗದದ ಜೋಡಿ ಇಡ್ರಿ. ತಗೊಳ್ಳೂವಾಗ ನಾವೂ ಅದನ್ನ ಕೇಳೋಣ.

ಆಟೋದ ಮೀಟರ್ ಅರ್ಧ ಕಿಲೋಮೀಟರ್ ಮುಂದ ಓಡಿದ್ರ ನಾವು ಇಳಿದ ಜಾಗಾದಾಗನ ಜಗಳಾ ತಗೀತೀವಿ. ಮನಿ ಗಾಡಿ ಮೀಟರಿನ ಬಗ್ಗೆ ಯಾಕ ಸುಮ್ಮ ಕೂಡಬೇಕು? ಗೇರ್‌ಬಾಕ್ಸಿನ ಮಾತು ಬಂದ ದಿನಾನ, ರೊಕ್ಕ ಠರಾಯಿಸೂ ಮೊದಲ, ಮಿಸ್ತ್ರಿಗೆ ಹೇಳಿ ಬಿಡ್ರಿ: ಹತ್ತು ಕಲ್ಲಿನ ಪರೀಕ್ಷಾ ಆದ ಮ್ಯಾಲೆ ಕಡೀ ರೊಕ್ಕ. ಮನ್ಯಾಗಿನವರು ನಕ್ಕರೂ ನಗಲಿ. ಈಗಾಗಲೇ ಬಾಕ್ಸ್ ಬದಲಿಸಿದವರು ಬರೂ ರವಿವಾರ ಮುಂಜಾನೆ ಗಡಿಯಾರ ತಗೊಂಡು ಹೊಂಡ್ರಿ, ಬಂದ ಅಂಕಿ ಹಾಲಿನ ಲೆಕ್ಕದ ಪಕ್ಕದಾಗ ಬರದಿಡ್ರಿ.